ಹೊಸ್ತಿಲ ಹೊರಗಿನ ಪೇಪರ್ ಕಟ್ಟರ್

ಭದ್ರಾವತಿಯ ನ್ಯೂ ಟೌನಿನಲ್ಲಿರುವ ನನ್ನ ಅಕ್ಕ ಪ್ರತಿ ನವರಾತ್ರಿಗೆ ಗೊಂಬೆ ಕೂರಿಸುತ್ತಾಳೆ. ಗೊಂಬೆ ಕೂರಿಸುವ ಮನೆಗಳು ಊರಲ್ಲಿ ಬೇಕಾದಷ್ಟಿವೆ. ಅಕ್ಕನ ಮನೆಗೆ ಜನ ಬರುವುದು ಗೊಂಬೆ ನೋಡುವುದಕ್ಕಲ್ಲ, ಗೊಂಬೆಗಳ ಮೆಟ್ಟಿಲ ಕೆಳಗೆ ಅವಳು ಕಟ್ಟುವ ಕಾಗದದ ಊರು ನೋಡುವುದಕ್ಕೆ. ಸಾಲಾಗಿ ಕ್ವಾರ್ಟರ್ಸ್ ಮನೆಗಳು, ಪ್ರತಿ ಮನೆಗೂ ಇಳಿಜಾರು ಮಾಡು, ನಾಲ್ಕು ಕಿಟಕಿ. ಕಾರ್ಖಾನೆಯ ಚಿಮಣಿ, ಅದರ ತುದಿಗೆ ಹತ್ತಿಯ ಹೊಗೆ. ನೀರಿನ ಟ್ಯಾಂಕು, ಬಸ್ ಸ್ಟ್ಯಾಂಡು. ಊರಾಚೆ ನೀಲಿ ಕಾಗದದ ಹೊಳೆ, ಅದರಲ್ಲಿ ಸಕ್ರೆಬೈಲಿನ ಆನೆಗಳು ಮೀಯುತ್ತಿರುತ್ತವೆ. ಸಕ್ರೆಬೈಲು ಇರುವುದು ತುಂಗೆಯ ದಡದಲ್ಲಿ, ನಿಮ್ಮೂರಲ್ಲಿ ಹರಿಯುವುದು ಭದ್ರೆ ಎಂದು ನಾನು ಎಷ್ಟು ಸಲ ಹೇಳಿದರೂ ಕೇಳುವವಳಲ್ಲ. ಮುಂದೆ ಕೂಡ್ಲಿಯಲ್ಲಿ ಎರಡೂ ಸೇರುತ್ತವಲ್ಲ, ನಿನಗೇನು ಕಷ್ಟ ಅನ್ನುತ್ತಾಳೆ.

ಆ ಊರಿನ ಗೋಡೆಗಳೆಲ್ಲ ಹಳೆಯ ಲಗ್ನಪತ್ರಿಕೆಗಳು. ದೇವರ ಚಿತ್ರವಿರುವ ಪತ್ರಿಕೆಯನ್ನು ಕಸಕ್ಕೆ ಹಾಕುವ ಹಾಗಿಲ್ಲ, ಇಟ್ಟುಕೊಂಡರೆ ಬೀರು ತುಂಬುತ್ತದೆ. ಹಾಗಾಗಿ ನಮ್ಮ ಬಳಗದವರೆಲ್ಲ ಮದುವೆ ಮುಗಿದ ಪತ್ರಿಕೆಗಳನ್ನು ತಂದು ಅಕ್ಕನ ಮನೆಗೆ ಸುರಿಯುತ್ತಾರೆ. ಅವಳು ಗಣಪತಿಯನ್ನು ಮೊದಲು ಕತ್ತರಿಸಿ ಒಂದು ಡಬ್ಬಿಗೆ ಹಾಕುತ್ತಾಳೆ, ಡಬ್ಬಿ ತುಂಬಿದಾಗ ಹೊಳೆಗೆ ಬಿಡುತ್ತಾಳೆ. ಉಳಿದ ದಪ್ಪ ರಟ್ಟು ಮನೆಯಾಗುತ್ತದೆ. ಯಾವ ಮನೆಯ ಮಾಡು ಎತ್ತಿ ನೋಡಿದರೂ ಒಳಗೋಡೆಯಲ್ಲಿ ‘ಸುಖಾಗಮನ ಬಯಸುವ’ ಎಂದೋ ‘ಉಡುಗೊರೆಗಳಿಗಿಂತ ಆಶೀರ್ವಾದ’ ಎಂದೋ ಅರ್ಧ ಸಾಲು ಇರುತ್ತದೆ.

ಹೋದ ದಸರೆ ಕಳೆದ ಮೇಲೆ ಅಕ್ಕನ ಬಲಗೈ ನಡುಗತೊಡಗಿತು. ಮೊದಲು ಹೆಬ್ಬೆರಳು, ಆಮೇಲೆ ಇಡೀ ಕೈ. ಡಾಕ್ಟರು ಪಾರ್ಕಿನ್ಸನ್ ಎಂದು ಹೆಸರು ಹೇಳಿ ಮಾತ್ರೆ ಬರೆದುಕೊಟ್ಟರು. ಪೂರ್ತಿ ವಾಸಿಯಾಗುವುದಿಲ್ಲ, ಹಿಡಿತದಲ್ಲಿ ಇಟ್ಟುಕೊಳ್ಳಬಹುದು ಅಂದರು. ಅಕ್ಕ ಅಳಲಿಲ್ಲ. ಹೆದರಿದ್ದು ಭಾವ. ಊರಿನ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು, ಮಾತು ಕಡಿಮೆ. ಒಂದು ದಿನ ಬೀನ್ಸ್ ಹೆಚ್ಚುವಾಗ ಅಕ್ಕನ ಬೆರಳು ಸ್ವಲ್ಪ ಕುಯ್ದುಹೋಯಿತು. ಅವತ್ತೇ ಭಾವ ಈಳಿಗೆ ಮಣೆಯನ್ನೂ ಮನೆಯಲ್ಲಿದ್ದ ಕತ್ತರಿಗಳನ್ನೂ ಅಟ್ಟಕ್ಕೆ ಹಾಕಿದರು. ತಾವೊಂದು ಚಾಕು ಹಿಡಿದು ತರಕಾರಿ ಹೆಚ್ಚಲು ಕೂತರು. ಅವರು ಹೆಚ್ಚಿದ ಬೀನ್ಸು ಬೆರಳುದ್ದ ಇರುತ್ತದೆ. ಅಕ್ಕ ಅದನ್ನೇ ಪಲ್ಯ ಮಾಡಿ ಬಡಿಸುತ್ತಾಳೆ.

ಈ ವರ್ಷ ಗೌರಿ ಹಬ್ಬಕ್ಕೆ ನಾನು ಶಿವಮೊಗ್ಗದಿಂದ ಬಾಗಿನ ತೆಗೆದುಕೊಂಡು ಹೋಗಿದ್ದೆ. ನನ್ನ ಮನೆ ಆಲ್ಕೊಳದಲ್ಲಿ, ಬಸ್ಸು ಹತ್ತಿದರೆ ಒಂದು ಗಂಟೆಯೊಳಗೆ ಅಕ್ಕನ ಬಾಗಿಲಲ್ಲಿರುತ್ತೇನೆ. ಊಟ ಮುಗಿದ ಮೇಲೆ ಅವಳು ಎಲೆಗೆ ಸುಣ್ಣ ಹಚ್ಚಿಕೊಡು ಎಂದು ನನ್ನ ಕಡೆ ತಟ್ಟೆ ತಳ್ಳಿ, ಪೇಪರಿನವನು ಬರಲಿಲ್ಲ ಅನ್ನುವ ಧಾಟಿಯಲ್ಲಿ ವಿಷಯ ಹೇಳಿದಳು.

“ಈ ಸಲ ಪಟ್ಟದ ಗೊಂಬೆ ಎರಡಿಟ್ಟು ಆರತಿ ಎತ್ತಿಬಿಡ್ತೀನಿ ಕಣೆ. ಊರು ಗೀರು ಏನೂ ಇಲ್ಲ.”

ಪಟ್ಟದ ಗೊಂಬೆ ಅಂದರೆ ಮದುವೆಯಲ್ಲಿ ನಮ್ಮಮ್ಮ ಅವಳಿಗೆ ಕೊಟ್ಟ ಮರದ ರಾಜ ರಾಣಿ. ಒಮ್ಮೆ ಗೊಂಬೆ ಕೂರಿಸಲು ಶುರು ಮಾಡಿದ ಮನೆಯಲ್ಲಿ ಅವೆರಡನ್ನಾದರೂ ಕೂರಿಸಲೇಬೇಕು, ಬಿಡುವ ಹಾಗಿಲ್ಲ. ಅಷ್ಟಕ್ಕೇ ನಿಲ್ಲಿಸುತ್ತೇನೆ ಅಂದರೆ ಮುಂದಿನ ವರ್ಷವೂ ಅಷ್ಟೇ, ಅದರ ಮುಂದಿನ ವರ್ಷವೂ ಅಷ್ಟೇ. ನನಗೆ ಗೊತ್ತಾಯಿತು. ನನಗೆ ಕೋಪ ಇರುವುದು ಮೂಗಿನ ತುದಿಯಲ್ಲಿ. ಅದ್ಹೇಗೆ ಇಲ್ಲ, ನಾನು ಬಂದು ಕತ್ತರಿಸಿಕೊಡುತ್ತೇನೆ ಎಂದು ಕೂಗಾಡಿದೆ. ನೀನು ಕತ್ತರಿಸಿದ್ದು ನಿನ್ನ ಊರಾಗುತ್ತೆ, ನನ್ನದಾಗಲ್ಲ ಅಂದಳು. ನನ್ನ ಕತ್ತರಿ ಕೆಲಸ ನಮ್ಮ ಬಳಗದಲ್ಲಿ ಪ್ರಸಿದ್ಧ. ಶಾಲೆಯಲ್ಲಿ ಗಣಿತ ಕಲಿಸಿದವಳಾದರೂ ಕತ್ತರಿ ಹಿಡಿದರೆ ನನ್ನ ಚೌಕ ಚೌಕವಾಗಿರುವುದಿಲ್ಲ.

ಬಸ್ಸಿನಲ್ಲಿ ವಾಪಸು ಬರುವಾಗ ಹೊಳೆಯಿತು. ಕತ್ತರಿ ಬೇಡ, ಪೇಪರ್ ಕಟ್ಟರ್ ತಂದರಾಯಿತು. ಗೋಡೆ ಅವಳೇ ಕತ್ತರಿಸಲಿ, ಅವಳ ಊರು ಅವಳದೇ ಆಗಲಿ.

ಗಣಪತಿ ಹಬ್ಬ ಕಳೆದ ಮರುದಿನವೇ ದುರ್ಗಿಗುಡಿಯ ಒಂದು ಸ್ಟೇಷನರಿ ಅಂಗಡಿಗೆ ಹೋದೆ. ಅಂಗಡಿಯವರು ಮೂರು ಬಗೆ ತೆಗೆದು ಕೌಂಟರಿನ ಮೇಲಿಟ್ಟರು. ಒಂದರಲ್ಲಿ ಹಲಗೆಯ ಪಕ್ಕಕ್ಕೆ ಉದ್ದನೆಯ ಕತ್ತಿ, ಅದಕ್ಕೊಂದು ಹಿಡಿ. ಎತ್ತಿ ಕೆಳಗೆ ಒತ್ತಿದರೆ ಕಾಗದ ಕಚಕ್ ಎಂದು ತುಂಡಾಗುತ್ತದೆ, ಝೆರಾಕ್ಸ್ ಅಂಗಡಿಗಳಲ್ಲಿ ಇರುವಂಥದ್ದು. ಇನ್ನೊಂದು ಪ್ಲಾಸ್ಟಿಕ್ಕಿನದು. ಹಲಗೆಯ ಮೇಲೆ ಒಂದು ಹಳಿ, ಹಳಿಯ ಮೇಲೆ ಜಾರುವ ಗುಂಡಿ, ಗುಂಡಿಯೊಳಗೆ ಕಂಡೂ ಕಾಣದ ಬ್ಲೇಡು. ಮೂರನೆಯದೂ ಅದೇ ತರಹ, ಬ್ಲೇಡಿನ ಬದಲು ಚೂಪಾದ ಪುಟ್ಟ ಚಕ್ರ, ಆದರೆ ಅದರ ಚಕ್ರ ಸವೆದರೆ ಬೇರೆ ಸಿಗುವುದು ಕಷ್ಟ ಎಂದು ಅವರೇ ಹೇಳಿದರು. ಯಾವುದಕ್ಕೆ ಬೇಕು, ಲ್ಯಾಮಿನೇಷನ್ ಕೆಲಸಕ್ಕಾ ಎಂದು ಕೇಳಿದರು. ಗೊಂಬೆ ಹಬ್ಬಕ್ಕೆ ಅಂದೆ.

ನಾನು ಯಾವುದನ್ನೂ ಪರೀಕ್ಷೆ ಮಾಡದೆ ಕೊಳ್ಳುವವಳಲ್ಲ. ಬಲಗೈಯನ್ನು ಅಕ್ಕನ ಕೈ ಹಾಗೆ ಗಡಗಡ ನಡುಗಿಸುತ್ತ ಕತ್ತಿಯ ಕಟ್ಟರಿನ ಹಿಡಿ ಹಿಡಿದೆ. ಕಾಗದ ಜಾರಿತು, ಕತ್ತಿ ಅಡ್ಡಾದಿಡ್ಡಿ ಇಳಿಯಿತು, ನನಗೇ ಹೆದರಿಕೆಯಾಯಿತು. ಆಮೇಲೆ ನಡುಗುವ ಕೈಯಿಂದಲೇ ಜಾರುವ ಗುಂಡಿ ಎಳೆದೆ. ಕಾಗದ ನೇರಕ್ಕೆ ಕತ್ತರಿಸಿಕೊಂಡು ಹೋಯಿತು. ಹಳಿ ಇದ್ದ ಮೇಲೆ ರೈಲು ಇನ್ನೆಲ್ಲಿಗೆ ಹೋದೀತು? ಖಾತ್ರಿಯಾಗಲಿ ಎಂದು ಇನ್ನೂ ಜೋರಾಗಿ ನಡುಗಿಸಿದೆ. ಪಕ್ಕದಲ್ಲಿ ಪೆನ್ನು ಕೊಳ್ಳುತ್ತಿದ್ದ ಹೆಂಗಸು ಎರಡು ಹೆಜ್ಜೆ ಹಿಂದೆ ಸರಿದಳು. ಅಂಗಡಿಯವರು ಸ್ಟೂಲು ಎಳೆದು, ಕೂತ್ಕೊಳ್ಳಿ ಅಮ್ಮ, ನೀರು ತರಿಸ್ತೀನಿ, ಬಿಪಿ ಏನಾದ್ರೂ ಇದೆಯಾ ಎಂದು ವಿಚಾರಿಸಿದರು. ನನ್ನ ಬಿಪಿ ನೆಟ್ಟಗಿದೆ, ಇದನ್ನು ಪ್ಯಾಕ್ ಮಾಡಿ ಅಂದೆ.

ಭಾನುವಾರ ಅದನ್ನು ಅಕ್ಕನ ಮುಂದಿಟ್ಟೆ. ಅವಳ ಕಣ್ಣು ಹೊಳೆದದ್ದನ್ನು ನಾನು ನೋಡಿದೆ. ಆಸೆಯೇ ಇಲ್ಲದವಳ ಕಣ್ಣು ಹಾಗೆ ಹೊಳೆಯುವುದಿಲ್ಲ. ಒಂದು ಲಗ್ನಪತ್ರಿಕೆ ತೆಗೆದುಕೊಂಡು ಹಲಗೆಯ ಮೇಲಿಟ್ಟು ಗುಂಡಿ ಹಿಡಿದಳು. ಗುಂಡಿ ಚಿಕ್ಕದು. ಎರಡು ಬೆರಳ ತುದಿಯಲ್ಲಿ ಹಿಡಿದು, ಒತ್ತಿಕೊಂಡೇ ಎಳೆಯಬೇಕು. ಅರ್ಧ ದಾರಿಯಲ್ಲಿ ಅವಳ ಬೆರಳು ಸೆಟೆದುಕೊಂಡು ನಿಂತಿತು. ಮತ್ತೆ ಎಳೆದಳು. ಹಗುರ ಹಲಗೆ ಗುಂಡಿಯ ಜೊತೆಗೇ ಟೇಬಲ್ಲಿನ ಮೇಲೆ ಜಾರಿತು. ಲಗ್ನಪತ್ರಿಕೆಯ ರಟ್ಟಿನ ಮೇಲೆ ಬೆಕ್ಕು ಪರಚಿದಷ್ಟು ಗೆರೆ ಬಿತ್ತು, ತುಂಡಾಗಲಿಲ್ಲ. ಅಂಗಡಿಯಲ್ಲಿ ನಾನು ಕತ್ತರಿಸಿದ್ದು ತೆಳು ಬಿಳಿ ಹಾಳೆ. ಹಲಗೆಯನ್ನು ನಾನು ಹಿಡಿದುಕೊಳ್ಳಲು ಹೋದರೆ ಕೈ ತೆಗಿ ಅಂದಳು. ಇನ್ನೂ ಒಂದೆರಡು ಸಲ ಎಳೆದು ಗುಂಡಿ ಬಿಟ್ಟಳು.

“ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ನಿನ್ನ ಮಶೀನಿಗೆ ಏನೂ ಆಗಿಲ್ಲ ಕಣೆ, ಆಗಿರೋದು ನನಗೆ.”

ನನಗೆ ಅಳು ಬಂತು. ಅಳು ಬಂದರೆ ನಾನು ಯಾರನ್ನಾದರೂ ಬಯ್ಯುತ್ತೇನೆ. ಭಾವ ಕೈಗೆ ಸಿಕ್ಕಿದರು. ಇಷ್ಟುದ್ದ ಬೀನ್ಸು ಹೆಚ್ಚಿದರೆ ತಿನ್ನುವವರ ಗಂಟಲು ಏನಾಗಬೇಕು ಎಂದು ಅವರ ಮೇಲೆ ಹರಿಹಾಯ್ದೆ. ಅವರು ಪಾಪ, ಚಾಕು ಕೆಳಗಿಟ್ಟು, ನಾಳೆಯಿಂದ ಸಣ್ಣಕೆ ಹೆಚ್ತೀನಮ್ಮ ಅಂದರು.

ಸಂಜೆ ನಾನು ಹೊರಡುವ ಮೊದಲು ಅಕ್ಕ ನನಗೆ ಕಟ್ಟಿಕೊಡಲು ಚಕ್ಕುಲಿ ಮಾಡಲು ಕೂತಳು. ಎಣ್ಣೆಯ ಬಾಣಲೆಯ ಹತ್ತಿರ ಭಾವ, ಒರಳು ಒತ್ತುವುದು ಅಕ್ಕ. ಭಾವ ಹಿಟ್ಟು ತುಂಬುವವರೆಗೆ ಅವಳ ಬಲಗೈ ತೊಡೆಯ ಮೇಲೆ ನಡುಗುತ್ತಿತ್ತು. ಚಕ್ಕುಲಿ ಒರಳಿನ ಹಿಡಿಗಳನ್ನು ಮುಷ್ಟಿಯಲ್ಲಿ ಹಿಡಿದು ತೋಳಿನ ಭಾರ ಬಿಟ್ಟು ಒತ್ತಿದಳು. ನಡುಕ ನಿಂತಿತು. ಎಲೆಯ ಮೇಲೆ ಚಕ್ಕುಲಿಯ ಸುತ್ತು ದುಂಡಗೆ ಬಿತ್ತು. ಒರಳು ಕೆಳಗಿಟ್ಟಳು, ಕೈ ಮತ್ತೆ ನಡುಗಿತು. ಹಿಡಿದು ಒತ್ತಿದಳು, ನಿಂತಿತು. ನಾನು ಚಕ್ಕುಲಿ ತಿನ್ನುವುದು ಬಿಟ್ಟು ಅದನ್ನೇ ನೋಡುತ್ತ ಕೂತೆ.

ಅಂಗಡಿಯಲ್ಲಿ ನಾನು ಆಡಿದ ನಾಟಕವೆಲ್ಲ ತಲೆಕೆಳಗಾಗಿತ್ತು. ಅವಳ ಕೈ ನಡುಗುವುದು ಸುಮ್ಮನಿದ್ದಾಗ. ಮುಷ್ಟಿಯಲ್ಲಿ ಹಿಡಿದು ಬಲ ಹಾಕುವ ಕೆಲಸಕ್ಕೆ ಅದು ನಿಲ್ಲುತ್ತದೆ, ಬೆರಳ ತುದಿಯ ಸಣ್ಣ ಕೆಲಸಕ್ಕೆ ಬರುವುದಿಲ್ಲ. ಹಾಗಾದರೆ ಅವಳಿಗೆ ಬೇಕಾದದ್ದು ನಾನು ಹೆದರಿ ಬಿಟ್ಟುಬಂದ ಕತ್ತಿಯ ಕಟ್ಟರೇ. ಜರುಗದ ಹಾಗೆ ಭಾರವಾದ ತಳ ಇರಬೇಕು, ಮುಷ್ಟಿಗೆ ಸಿಗುವ ಹಿಡಿ ಇರಬೇಕು, ರಟ್ಟನ್ನು ಒತ್ತಿಹಿಡಿಯುವ ಪಟ್ಟಿ ಇರಬೇಕು.

ಹೇಳಿದ ತಕ್ಷಣ ಭಾವ ಒಲೆ ಆರಿಸಿ ತಿರುಗಿದರು. “ಅಷ್ಟುದ್ದ ಕತ್ತಿ ಈ ಮನೇಲಿ ಬೇಡಮ್ಮ. ಒಂದು ಸಲ ರಕ್ತ ನೋಡಿದೀನಿ, ಸಾಕು.” ಅವರು ನನ್ನೆದುರು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ನಾನು ನೋಡಿರಲಿಲ್ಲ. ಎಡಗೈ ಬೆರಳು ಕತ್ತಿಯ ಕೆಳಗೆ ಹೋಗದ ಹಾಗೆ ಅಡ್ಡಪಟ್ಟಿ ಇರುವಂಥದ್ದು ಸಿಕ್ಕರೆ ಮಾತ್ರ ತರುತ್ತೇನೆ ಎಂದು ಮಾತು ಕೊಟ್ಟೆ. ಅಕ್ಕ ಚಕ್ಕುಲಿ ಡಬ್ಬಿಯ ಮುಚ್ಚಳ ಹಾಕಲು ಹೆಣಗಾಡುತ್ತಿದ್ದಳು.

ಮರುದಿನ ಅಂಗಡಿಯವರು ನನ್ನನ್ನು ನೋಡಿದವರೇ ಮೊದಲು ಸ್ಟೂಲು ಎಳೆದರು. ಬಿಚ್ಚಿದ ಮಾಲು ವಾಪಸು ತೆಗೆದುಕೊಳ್ಳುವುದಿಲ್ಲ ಎಂದು ಶುರು ಮಾಡಿದರೂ ನನ್ನ ಮುಖ ನೋಡಿ ತೆಗೆದುಕೊಂಡರು. ಅಲ್ಲಿದ್ದ ಕತ್ತಿಯ ಕಟ್ಟರಿಗೆ ಅಡ್ಡಪಟ್ಟಿ ಇರಲಿಲ್ಲ. ಕಬ್ಬಿಣದ ತಳ, ಒತ್ತುಪಟ್ಟಿ, ಬೆರಳು ತಾಗದಂತೆ ಪಾರದರ್ಶಕ ಪ್ಲಾಸ್ಟಿಕ್ಕಿನ ಅಡ್ಡಪಟ್ಟಿ ಎಲ್ಲ ಇರುವಂಥದ್ದನ್ನು ತರಿಸಿಕೊಡುತ್ತೇನೆ, ಶನಿವಾರ ಬರುತ್ತದೆ ಅಂದರು. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಭಾನುವಾರ ಅಂಗಡಿ ಮುಚ್ಚಿರುತ್ತದೆ. ಸೋಮವಾರದಿಂದ ಪಿತೃಪಕ್ಷ, ಹೊಸ ಸಾಮಾನು ಕೊಂಡರೆ ಅಕ್ಕ ಮುಟ್ಟುವುದಿಲ್ಲ. ಪಿತೃಪಕ್ಷ ಮುಗಿಯುವಷ್ಟರಲ್ಲಿ ನವರಾತ್ರಿ ಬಂದೇಬಿಡುತ್ತದೆ. ಶನಿವಾರವೇ ಒಯ್ಯಬೇಕು. ಶಾಸ್ತ್ರಕ್ಕೆ ಸಿಕ್ಕದ ಹಾಗೆ ದಾರಿ ಹುಡುಕಿದೆನಲ್ಲ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಆ ಶನಿವಾರ ಕಬ್ಬಿಣದ ಕಟ್ಟರನ್ನು ತೊಡೆಯ ಮೇಲಿಟ್ಟುಕೊಂಡು ಭದ್ರಾವತಿ ಬಸ್ಸಿನಲ್ಲಿ ಕೂತೆ. ಇಳಿಯುವ ಹೊತ್ತಿಗೆ ಕಾಲು ಜೋಮು ಹಿಡಿದಿತ್ತು. ಆಟೋದವನು ಎತ್ತಿಕೊಟ್ಟ. ಅಕ್ಕ ಬಾಗಿಲಲ್ಲೇ ನಿಂತಿದ್ದಳು. ನಾನು ಉಸಿರು ಬಿಡುತ್ತ ವರಾಂಡದ ಮೆಟ್ಟಿಲು ಹತ್ತಿ ಹೊಸ್ತಿಲ ಹತ್ತಿರ ಬಂದಾಗ ಅವಳು ಒಂದು ಕೈ ಬಾಗಿಲ ಚೌಕಟ್ಟಿಗೆ ಅಡ್ಡ ಹಿಡಿದಳು.

“ಇವತ್ತು ಏನು ವಾರ?”

ನನಗೆ ನಾಲಿಗೆ ಕಚ್ಚಿಕೊಳ್ಳುವ ಹಾಗಾಯಿತು. ಶನಿವಾರ ಮನೆಗೆ ಕಬ್ಬಿಣ ತರಬಾರದು. ಹುಟ್ಟಿದಾಗಿನಿಂದ ಕೇಳಿದ್ದೇನೆ. ಪಿತೃಪಕ್ಷ ತಪ್ಪಿಸುವ ಭರದಲ್ಲಿ ಶನಿದೇವರನ್ನೇ ಮರೆತಿದ್ದೆ. ಆದರೂ ಸೋಲೊಪ್ಪಲಿಲ್ಲ. ಈ ಊರು ಅನ್ನ ತಿಂದದ್ದೇ ಕಬ್ಬಿಣದಿಂದ, ನಿನ್ನ ಗಂಡ ವಾರ ನೋಡಿ ಕೆಲಸಕ್ಕೆ ಹೋಗುತ್ತಿದ್ದರಾ ಎಂದು ವಾದಿಸಿದೆ. ಕಾರ್ಖಾನೆಯಲ್ಲಿ ಶನಿವಾರ ಕಾಯಿಸಲಿ ಕರಗಿಸಲಿ, ಅದು ಅವರ ಪಾಡು, ನನ್ನ ಮನೆ ಹೊಸ್ತಿಲು ದಾಟುವ ಹಾಗಿಲ್ಲ ಅಂದಳು. ಕಟ್ಟರನ್ನು ವರಾಂಡದ ಮೂಲೆಯಲ್ಲಿ, ಚಪ್ಪಲಿಗಳಿಂದ ಸ್ವಲ್ಪ ದೂರದಲ್ಲಿ ಇಳಿಸಿದೆ. ಒಳಗೆ ಹೋಗಿ ಮುಖ ಊದಿಸಿಕೊಂಡು ಕಾಫಿ ಕುಡಿದೆ.

ಅಕ್ಕ ಎದುರಿಗೆ ಕೂತಿದ್ದಳು. ಆದರೆ ಅವಳ ಕಣ್ಣು ನನ್ನ ಮೇಲಿರಲಿಲ್ಲ, ಕಿಟಕಿಯಾಚೆ ವರಾಂಡದ ಮೂಲೆಯಲ್ಲಿತ್ತು. ನಾನು ನೋಡಿಯೂ ನೋಡದವಳ ಹಾಗೆ ಲೋಟ ತೊಳೆಯಲು ಎದ್ದೆ. ವಾಪಸು ಬಂದಾಗ ಕುರ್ಚಿ ಖಾಲಿ. ಸೆರಗಿನ ತುಂಬ ಲಗ್ನಪತ್ರಿಕೆ ಹಾಕಿಕೊಂಡು ಅವಳು ಬಾಗಿಲ ಹತ್ತಿರ ಹೋಗುತ್ತಿದ್ದಳು.

“ಕಬ್ಬಿಣ ತಾನೆ ಹೊಸ್ತಿಲು ದಾಟಬಾರದು? ನಾನು ದಾಟಬಹುದಲ್ಲ.”

ವಾಕಿಂಗಿನಿಂದ ಬಂದ ಭಾವ ಗೇಟಿನಲ್ಲೇ ನಿಂತರು. ಅಕ್ಕ ವರಾಂಡದ ನೆಲದ ಮೇಲೆ ಕೂರಲು ಹೆಣಗುತ್ತಿದ್ದದ್ದನ್ನು ನೋಡಿ, ಒಳಗೆ ಹೋಗಿ ಟೀಪಾಯಿಯನ್ನೂ ಕುರ್ಚಿಯನ್ನೂ ತಂದಿಟ್ಟರು. ಕಟ್ಟರನ್ನು ಅದರ ಮೇಲಿಟ್ಟು, ಅಡ್ಡಪಟ್ಟಿಯ ಸಂದಿನಲ್ಲಿ ತಮ್ಮ ಬೆರಳು ತೂರಿಸಲು ನೋಡಿದರು. ಆ ಕಡೆಯಿಂದ, ಈ ಕಡೆಯಿಂದ. ಬೆರಳು ಹೋಗಲಿಲ್ಲ. ಆಮೇಲೆ ಪಕ್ಕಕ್ಕೆ ಸರಿದು ನಿಂತರು.

ಅಕ್ಕ ಗಣಪತಿಯ ಚಿತ್ರವಿದ್ದ ತುದಿಯನ್ನು ಕತ್ತಿಯ ಆಚೆಗಿಟ್ಟು ಒತ್ತುಪಟ್ಟಿ ಇಳಿಸಿದಳು. ಬಲಗೈಯಿಂದ ಹಿಡಿ ಹಿಡಿದಳು. ಕೈ ನಡುಗಿತು, ಹಿಡಿಯೂ ಅದರ ಜೊತೆ ಕಟಕಟ ಅಂದಿತು. ಭಾವ ಕಣ್ಣು ಮುಚ್ಚಿಕೊಂಡರು. ಅವಳು ತೋಳಿನ ಭಾರ ಬಿಟ್ಟಳು. ಕಚಕ್. ಗಣಪತಿ ಒಂದು ಕಡೆ, ಗೋಡೆ ಇನ್ನೊಂದು ಕಡೆ. ಅಕ್ಕ ರಟ್ಟಿನ ಅಂಚನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದಳು. ದಾರ ಹಿಡಿದ ಹಾಗೆ ನೇರವಾಗಿತ್ತು. ಇನ್ನೊಂದು ಇಟ್ಟಳು. ಕತ್ತಲಾಗುವವರೆಗೂ ಅಲ್ಲೇ ಕೂತಿದ್ದಳು. ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ಬಗ್ಗಿ, ಏನ್ರೀ, ಈ ವರ್ಷ ಬೇಗ ಶುರು ಮಾಡಿದ್ರಾ ಅಂದಾಗ ಹೂಂ ಕಣ್ರೀ ಅಂದಳು. ಅಷ್ಟು ಕೇಳಿದ್ದೇ ನನಗೆ ಸಾಕಾಯಿತು. ಬಸ್ಸಿನಲ್ಲಿ ಬರುವಾಗ ಸಂತೋಷಕ್ಕೆ ಅತ್ತೆ, ಯಾರನ್ನೂ ಬಯ್ಯಲಿಲ್ಲ.

ಮಾರನೆಯ ದಿನ ಭಾವ ಅದನ್ನು ಒಳಗೆ ತಂದರು. ಅಕ್ಕ ಅರಿಶಿನ ಕುಂಕುಮ ಇಟ್ಟು ಊಟದ ಮೇಜಿನ ಒಂದು ತುದಿ ಅದಕ್ಕೇ ಬಿಟ್ಟುಕೊಟ್ಟಳಂತೆ. ಆಮೇಲೆ ಫೋನಿನಲ್ಲಿ ಗೋಡೆಗಳ ಸುದ್ದಿಯೇ. ಗೋಡೆ ಆಯಿತು, ಮಾಡು ಆಯಿತು, ಚಿಮಣಿಗೆ ಪಟ್ಟಿ ಕತ್ತರಿಸಿ ಆಯಿತು. ಕಿಟಕಿ ಎಂದು ಕೇಳಿದರೆ ಮಾತು ಬೇರೆ ಕಡೆ ಹೋಗುತ್ತಿತ್ತು.

ಮಹಾಲಯ ಅಮಾವಾಸ್ಯೆಗೆ ಸ್ವಲ್ಪ ಮೊದಲು ಹೋದಾಗ ವಿಷಯ ಗೊತ್ತಾಯಿತು. ಮೇಜಿನ ಮೇಲೆ ನೇರ ಅಂಚಿನ ಗೋಡೆಗಳ ರಾಶಿ. ಪಕ್ಕದ ಬುಟ್ಟಿಯಲ್ಲಿ ನಡುವೆ ಹರಿದುಹೋದ ಗೋಡೆಗಳು. ಕಟ್ಟರ್ ಅಂಚಿನಿಂದ ಅಂಚಿಗೆ ಕತ್ತರಿಸುತ್ತದೆಯೇ ಹೊರತು ಗೋಡೆಯ ನಡುವೆ ಕಿಟಕಿ ಕೊರೆಯುವುದಿಲ್ಲ. ಅದಕ್ಕೆ ಸಣ್ಣ ಕತ್ತರಿಯೇ ಬೇಕು. ಅದನ್ನು ನಾನು ಯೋಚಿಸಿರಲೇ ಇಲ್ಲ. ಭಾವನಿಂದ ಅಟ್ಟದ ಕತ್ತರಿ ಇಳಿಸಿಕೊಂಡು ಅವಳು ದಿನವೂ ಪ್ರಯತ್ನಪಟ್ಟಿದ್ದಳು.

ನನ್ನೆದುರಿಗೇ ಇನ್ನೊಂದು ಗೋಡೆ ತೆಗೆದುಕೊಂಡಳು. ನಾನು ಕೈ ಕಟ್ಟಿಕೊಂಡು ಕೂತೆ. ನೀನು ಕತ್ತರಿಸಿದ್ದು ನನ್ನ ಊರಲ್ಲ ಅಂದವಳು ಅವಳೇ, ಅದನ್ನು ನಾನು ಮರೆತಿರಲಿಲ್ಲ. ಕತ್ತರಿಯ ಬಾಯಿ ತೆರೆಯಿತು, ಮುಚ್ಚಲಿಲ್ಲ. ಬೆರಳುಗಳು ಉಂಗುರದೊಳಗೆ ಸೆಟೆದುಕೊಂಡಿದ್ದವು. ಎಡಗೈಯಿಂದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡಳು. ಗೋಡೆಗಳ ರಾಶಿಯನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಕತ್ತರಿಯನ್ನು ಮೇಜಿನ ಮೇಲಿಂದ ನನ್ನ ಕಡೆಗೆ ಚಾಚಿದಳು.

ಕತ್ತರಿ, ಸೂಜಿ, ಉಪ್ಪು, ಮೆಣಸಿನಕಾಯಿ ಕೈಯಿಂದ ಕೈಗೆ ಕೊಡಬಾರದು, ಕೊಟ್ಟರೆ ಕೊಟ್ಟವರಿಗೂ ತೆಗೆದುಕೊಂಡವರಿಗೂ ಜಗಳ ಎಂದು ನಮ್ಮಮ್ಮ ಹೇಳುತ್ತಿದ್ದಳು. ಚಿಕ್ಕಂದಿನಿಂದ ಅಕ್ಕ ಕತ್ತರಿಯನ್ನು ನೆಲದ ಮೇಲಿಡುತ್ತಾಳೆ, ನಾನು ಎತ್ತಿಕೊಳ್ಳುತ್ತೇನೆ. ಒಂದು ಸಲವೂ ತಪ್ಪಿದ್ದಿಲ್ಲ. ರೂಢಿಯ ಮೇಲೆ, ಅಲ್ಲಿಡು ಅಕ್ಕ, ತಗೋತೀನಿ ಅಂದೆ.

“ಇಡೋಕೆ ಹೋದ್ರೆ ಬಿದ್ದುಹೋಗತ್ತೆ. ಕೈಗೇ ತಗೋ.”

“ಜಗಳ ಆಗತ್ತಲ್ಲೇ.”

“ಆದ್ರೆ ಆಗ್ಲಿ ಮಾರಾಯ್ತಿ. ಒಂದೊಂದು ಮನೆಗೆ ನಾಲ್ಕು ಕಿಟಕಿ, ಮರೀಬೇಡ.”

ಚಾಚಿದ ಕೈ ನಡುಗುತ್ತಿತ್ತು. ಶನಿವಾರದ ಕಬ್ಬಿಣವನ್ನು ಒಳಗೆ ಬಿಡದವಳು ಇವಳೇ. ಎರಡೂ ಕೈಯಿಂದ ಅವಳ ಕೈಯನ್ನೂ ಸೇರಿಸಿ ಹಿಡಿದು ಕತ್ತರಿ ತೆಗೆದುಕೊಂಡೆ. ಅವಳು ಕೈ ಬಿಡಿಸಿಕೊಂಡು ಕಟ್ಟರಿನ ಹಿಡಿಯ ಮೇಲಿಟ್ಟಳು.

ಮೊದಲ ಕಿಟಕಿ ಸೊಟ್ಟಗಾಯಿತು. ಕತ್ತರಿ ಮೊಂಡು ಅಂದೆ. ಅಕ್ಕ ಗೋಡೆಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ, ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ ಅಂದಳು. ಹಾಗಾದರೆ ನೀನೇ ಕತ್ತರಿಸಿಕೋ ಎಂದು ನಾನು ದನಿ ಏರಿಸಿದೆ. ಗಣಿತದ ಟೀಚರಂತೆ, ಚೌಕ ಅಂದರೇನು ಅಂತ ಗೊತ್ತಿಲ್ಲ ಎಂದು ಅವಳೂ ಏರಿಸಿದಳು. ಅಡುಗೆಮನೆಯಿಂದ ಭಾವ ಚಾಕು ಹಿಡಿದುಕೊಂಡೇ ಓಡಿಬಂದು, ಇಬ್ಬರನ್ನೂ ನೋಡಿ ಹಾಗೆಯೇ ಹಿಂದೆ ಹೋದರು. ಅಕ್ಕ ಇನ್ನೊಂದು ಗೋಡೆಯನ್ನು ಕಚಕ್ಕೆಂದು ಕತ್ತರಿಸಿ ನನ್ನ ಮುಂದೆ ತಳ್ಳಿದಳು. ಅಮ್ಮನ ಮಾತು ಸುಳ್ಳಾಗಲಿಲ್ಲ. ಆ ಊರಿನ ಕೊನೆಯ ಕಿಟಕಿ ಮುಗಿಯುವವರೆಗೂ ನಾವು ಜಗಳ ಆಡಿದೆವು.